ಮನೆಯ ಮುಂದಿನ ಹಳೆಯ ಕಾರು



ಈ ಪುಟಕ್ಕೆ ಪ್ರತಿ ತಿಂಗಳೂ ಬರುವ ಪತ್ರಗಳಲ್ಲಿ ಮಕ್ಕಳ ವಿದ್ಯಾಭ್ಯಾಸ, ವಿವಾಹ, ಮನೆಯ ಸಾಲ ಇವೇ ಮೊದಲಾದ ವಿಷಯಗಳಿರುವುದು ವಾಡಿಕೆ. ಈ ಬಾರಿ ಧಾರವಾಡ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಕಾರನ್ನು ಕುರಿತು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರದು ೧೯೯೮ರ ಮಾರುತಿ ೮೦೦. ಗ್ಯಾರೇಜಿನವರು ಅದರ ದುರಸ್ತಿಗೆ ೪೬,೦೦೦ ರೂಪಾಯಿಗಳ ಅಂದಾಜು ಪಟ್ಟಿ ಕೊಟ್ಟಿದ್ದಾರೆ. ಅದೇ ವಾರ ವ್ಯಾಪಾರಿಯೊಬ್ಬ ಕಾರನ್ನು ೩೫,೦೦೦ಕ್ಕೆ ಕೇಳಿದ್ದಾನೆ. ಪುಣೆಯಲ್ಲಿರುವ ಮಗ, "ಅಪ್ಪಾ, ಕಾರಿನ ಬೆಲೆಗಿಂತ ರಿಪೇರಿ ಖರ್ಚೇ ಹೆಚ್ಚಾತು. ಗುಜರಿಗೆ ಹಾಕಿಬಿಡ್ರಿ, ಸಾಲ ತೆಗೆದು ಹೊಸದು ಕೊಳ್ಳೋಣ" ಎನ್ನುತ್ತಿದ್ದಾನೆ. ಶಿಕ್ಷಕರ ಪತ್ನಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್ ಆಗಬೇಕು. ಆದುದರಿಂದ ಮನೆಯಲ್ಲಿ ಕಾರು ಇರಲೇಬೇಕು. ಪಿಂಚಣಿಯಲ್ಲಿ ಹೊಸ ಸಾಲದ ಕಂತು ಕಟ್ಟುವುದು ದುಸ್ತರ. ಏನು ಮಾಡಲಿ ಎಂದು ಕೇಳಿದ್ದಾರೆ.

ಶಾಸ್ತ್ರಪಾಠ ಹೇಳುವವನಿಗೆ ಕಾರಿನ ಗೊಡವೆ ಏಕೆಂದು ಕೆಲವರಿಗೆ ಅನ್ನಿಸಬಹುದು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಇದೇ ಮಾದರಿಯ ಕಾರನ್ನು ಸಾಕಿದ ಅನುಭವವೊಂದೇ ನನ್ನ ಅರ್ಹತೆ.

ಮೊದಲು ಮಗನ ಮಾತನ್ನೇ ವಿಚಾರಿಸೋಣ. ಆತ ಹೇಳಿದ ಲೆಕ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ, ಆದರೆ ತೂಗಬೇಕಾದ ತಕ್ಕಡಿ ಅದಲ್ಲ. ದುರಸ್ತಿಯ ವೆಚ್ಚವನ್ನು ಹಳೆಯ ಕಾರಿನ ಮಾರಾಟದ ಬೆಲೆಯೊಡನೆ ಹೋಲಿಸಿ ಫಲವಿಲ್ಲ. ಕಾರಿಲ್ಲದೆ ನಡೆಯದ ಮನೆಯಲ್ಲಿ ಬೇರೆ ದಾರಿ ಹಿಡಿದರೆ ಆಗುವ ವೆಚ್ಚದೊಡನೆ ಹೋಲಿಸಬೇಕು. ಐದು ಲಕ್ಷ ರೂಪಾಯಿ ಸಾಲವನ್ನು ಶೇಕಡಾ ೯ರ ಬಡ್ಡಿಯಲ್ಲಿ ಐದು ವರ್ಷಗಳ ಅವಧಿಗೆ ತೆಗೆದರೆ ತಿಂಗಳ ಕಂತು ಸುಮಾರು ೧೦,೩೮೦ ರೂಪಾಯಿ, ವರ್ಷಕ್ಕೆ ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರಕ್ಕೂ ಮೇಲು. ಹೊಸ ಕಾರಿನ ಪೂರ್ಣ ವಿಮೆ ಇದರಿಂದ ಹೊರತು. ಈ ಮೊತ್ತದ ಎದುರಿಗೆ ಇಟ್ಟು ನೋಡಿದಾಗ ೪೬,೦೦೦ ಅಷ್ಟು ಭಯಂಕರವಾಗಿ ಕಾಣದು. ಅಲ್ಲದೆ ಆ ಪಟ್ಟಿಯಲ್ಲಿರುವುದೆಲ್ಲ ಈಗಲೇ ಆಗಬೇಕಾದ ಕೆಲಸವೇ ಎಂಬ ಪ್ರಶ್ನೆ ಬೇರೆ ಇದೆ.

ಪಟ್ಟಿಯ ವಿವರವನ್ನು ಶಿಕ್ಷಕರು ಅಚ್ಚುಕಟ್ಟಾಗಿ ಬರೆದು ಕಳಿಸಿದ್ದಾರೆ. ಬಣ್ಣಕ್ಕೆ ೧೮,೦೦೦, ಸೀಟುಗಳ ಹೊದಿಕೆಗೆ ೪,೦೦೦, ನಾಲ್ಕು ಟೈರುಗಳಿಗೆ ೧೦,೦೦೦, ರೇಡಿಯೇಟರಿಗೆ ೫,೦೦೦, ಕ್ಲಚ್ಚಿಗೆ ೫,೦೦೦, ಬ್ರೇಕಿಗೆ ೪,೦೦೦. ಬ್ರೇಕು ಎಲ್ಲಕ್ಕಿಂತ ಕೆಳಗೆ! "ಟೈರುಗಳ ಗೀರು ಇನ್ನೂ ಆಳವಾಗಿವೆ, ಬ್ರೇಕು ತಕ್ಕಮಟ್ಟಿಗೆ ಹಿಡಿಯುತ್ತದೆ. ಅವೆರಡನ್ನು ಬಿಟ್ಟು ಉಳಿದುದನ್ನು ಮಾಡಿಸಿದರೆ ೩೨,೦೦೦ಕ್ಕೆ ಮುಗಿಯುತ್ತದೆಯಲ್ಲವೇ?" ಎಂಬುದು ಅವರ ವಿಚಾರ. ಪೂಜ್ಯರೇ, ಕ್ಷಮಿಸಿರಿ, ನೀವು ಬಿಡಬೇಕಾದುದನ್ನು ಹಿಡಿದು ಹಿಡಿಯಬೇಕಾದುದನ್ನು ಬಿಟ್ಟಿದ್ದೀರಿ.

ಟೈರಿನ ವಯಸ್ಸನ್ನು ಗೀರು ಹೇಳುವುದಿಲ್ಲ. ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಮುದ್ರೆ ಇರುತ್ತದೆ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ೧೮೧೬ ಎಂದಿದ್ದರೆ ೨೦೧೬ರ ೧೮ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ತಿಂಗಳಿಗೆ ಇನ್ನೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಟೈರು ಸವೆಯುವುದಿಲ್ಲ, ಆದರೆ ಬಿಸಿಲಿಗೂ ಗಾಳಿಗೂ ರಬ್ಬರು ಗಡುಸಾಗಿ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಅಂಥ ಟೈರು ಮಳೆಯಲ್ಲಿ ನೆಲ ಹಿಡಿಯದು, ಬೇಸಿಗೆಯಲ್ಲಿ ಒಡೆಯಲೂಬಹುದು. ಗೀರಿನ ಆಳ ೧.೬ ಮಿಲಿಮೀಟರಿಗೆ ಇಳಿದರಂತೂ ಬದಲಿಸಲೇಬೇಕು.

ಬ್ರೇಕಿನ ವಿಷಯವೂ ಹೀಗೆಯೇ. ಬ್ರೇಕ್ ಎಣ್ಣೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವ ಸೇರಿದಷ್ಟೂ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಕುದಿದಾಗ ಹಬೆಯ ಗುಳ್ಳೆಗಳೆದ್ದು, ಘಟ್ಟದ ಇಳಿಜಾರಿನಲ್ಲಿ ಪೆಡಲು ಒತ್ತಿದರೆ ಕಾಲು ತಳಕ್ಕೆ ಹೋಗುತ್ತದೆಯೇ ಹೊರತು ಕಾರು ನಿಲ್ಲುವುದಿಲ್ಲ. ಊರೊಳಗೆ "ತಕ್ಕಮಟ್ಟಿಗೆ" ಹಿಡಿಯುವ ಬ್ರೇಕು ಅಲ್ಲಿ ಕೈಕೊಡುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ, ಚಕ್ರಗಳೊಳಗಿನ ರಬ್ಬರ್ ಬಟ್ಟಲುಗಳನ್ನು ಪರೀಕ್ಷಿಸಿದರೆ ಸಾಕು. ದೊಡ್ಡ ಖರ್ಚೇನೂ ಅಲ್ಲ.

ಅನಂತರ ಎಂಜಿನ್ನಿನ ಪ್ರಾಣ ಕಾಯುವ ಕೆಲಸಗಳು. ಎಂಜಿನ್ ಆಯಿಲನ್ನು ಐದು ಸಾವಿರ ಕಿಲೋಮೀಟರಿಗೆ ಅಥವಾ ಆರು ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ ಬದಲಿಸುವುದು ಹಳೆಯ ಎಂಜಿನ್ನಿಗೆ ಹಿತ. ರೇಡಿಯೇಟರಿಗೆ ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರನ್ನು ಸುರಿಯುವ ದುರಭ್ಯಾಸ ಬಹಳ ಮನೆಗಳಲ್ಲಿದೆ. ಕೊಡದ ತಳದಲ್ಲಿ ಕಟ್ಟುವ ಬಿಳಿಯ ಪದರವೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿಯೂ ಕಟ್ಟುತ್ತದೆ. ನೀರು ಹರಿಯದಾದಾಗ ಎಂಜಿನ್ ಕಾದು, ಅಲ್ಯುಮಿನಿಯಮ್ಮಿನ ಹೆಡ್ಡು ಸೊಟ್ಟಗಾಗುತ್ತದೆ. ನಿಮ್ಮ ಪಟ್ಟಿಯ ೫,೦೦೦ ರೂಪಾಯಿಗಳ ಮೂಲ ಇಲ್ಲಿಯೇ ಇರಬೇಕೆಂದು ನನ್ನ ಊಹೆ. ಕೂಲಂಟನ್ನೇ ಹಾಕಿಸಿರಿ. ಟೈಮಿಂಗ್ ಬೆಲ್ಟ್ ಬದಲಿಸಿ ಎಷ್ಟು ವರ್ಷವಾಯಿತೆಂದೂ ನೋಡಿರಿ. ಅದು ಕಿಲೋಮೀಟರಿನಿಂದ ಮಾತ್ರವಲ್ಲ, ವರ್ಷಗಳಿಂದಲೂ ಮುಪ್ಪಾಗುತ್ತದೆ, ಹರಿದರೆ ಕಾರು ಇದ್ದಲ್ಲಿಯೇ ನಿಲ್ಲುತ್ತದೆ. ಕ್ಲಚ್ಚಿನ ಬಗ್ಗೆ ಅವಸರ ಬೇಡ. ಏರು ಹತ್ತುವಾಗ ಎಂಜಿನ್ ಕೂಗಿದರೂ ಕಾರು ಮುಂದೆ ಸಾಗದಿದ್ದರೆ ಮಾತ್ರ ಪ್ಲೇಟು ಸವೆದಿದೆಯೆಂದು ತಿಳಿಯಬೇಕು. ಅಲ್ಲಿಯವರೆಗೆ ಆ ೫,೦೦೦ ನಿಮ್ಮಲ್ಲಿಯೇ ಇರಲಿ. ಬಣ್ಣ ಮತ್ತು ಹೊದಿಕೆ ಈ ವರ್ಷ ಬೇಡವೇ ಬೇಡ.

ಹೀಗಾಗಿ ಈಗ ಕೊಡಬೇಕಾದುದು ೧೯,೦೦೦ ಮಾತ್ರ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳದೆ ಮುಂದುವರಿಯಲಾರೆ. ಒಂದು ಬೇಸಿಗೆಯಲ್ಲಿ ನಮ್ಮ ಕಾರು ಅರ್ಧ ತಾಸು ಓಡಿದ ಮೇಲೆ ನಿಲ್ಲತೊಡಗಿತು. ಯಾರೋ ಹೇಳಿದ್ದನ್ನು ಕೇಳಿಕೊಂಡು ಹೋಗಿ ಮಿಸ್ತ್ರಿಗೆ "ಪೆಟ್ರೋಲ್ ಪಂಪು ಬದಲಿಸಿರಿ" ಎಂದೆ. ಬದಲಿಸಿದರು, ಮತ್ತೆ ನಿಂತಿತು. "ಕಾರ್ಬೊರೇಟರ್ ಬಿಚ್ಚಿ ತೊಳೆಯಿರಿ" ಎಂದೆ. ತೊಳೆದರು. ಮೂರನೆಯ ಸಲ ಇಗ್ನಿಷನ್ ಕಾಯಿಲ್. ಹೀಗೆ ಆರು ಸಾವಿರ ರೂಪಾಯಿ ಕೈಬಿಟ್ಟ ಮೇಲೆ, ಎದೆನೋವೆಂದ ನಮ್ಮ ಹಿರಿಯ ಅಕ್ಕನವರನ್ನು ಗದಗದಿಂದ ಹುಬ್ಬಳ್ಳಿಗೆ ಕರೆದೊಯ್ಯುವಾಗ ಅಣ್ಣಿಗೇರಿಯ ಹತ್ತಿರ ಕಾರು ಪುನಃ ನಿಂತುಬಿಟ್ಟಿತು. ಹಾದು ಹೋಗುವವರೊಬ್ಬರು ಅಕ್ಕನವರನ್ನು ತಮ್ಮ ವಾಹನದಲ್ಲಿ ಕರೆದುಕೊಂಡು ಹೋದರು, ಅವರು ಉಳಿದರು. ಅಂದು ಆ ಪುಣ್ಯಾತ್ಮರು ಬಾರದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಕೈ ತಣ್ಣಗಾಗುತ್ತದೆ.

ರಸ್ತೆ ಬದಿಯ ಗ್ಯಾರೇಜಿನ ತರುಣನೊಬ್ಬ ಬಂದು ಬಾನೆಟ್ ಎತ್ತುವ ಮೊದಲೇ ನನ್ನನ್ನು ಕೇಳಿದ: "ಎಷ್ಟು ಹೊತ್ತು ಓಡಿದ ಮ್ಯಾಲೆ ನಿಂದರತೈತ್ರಿ ಅಜ್ಜಾರ? ತಣ್ಣಗಾದ ಮ್ಯಾಲೆ ತಾನ ಚಾಲೂ ಆಗತೈತೇನ್ರಿ?" ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ಕೇಳಲು ನಾನು ಬಿಟ್ಟಿರಲಿಲ್ಲ. ಆತ ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪನ್ನು ಬೆರಳಿನಿಂದ ತಡವುತ್ತ ಬಂದು ಒಂದೆಡೆ ನಿಂತ. ಪೈಪು ಬಿರಿದಿತ್ತು. ಪಂಪು ಅಲ್ಲಿಂದ ಪೆಟ್ರೋಲಿನ ಬದಲು ಗಾಳಿಯನ್ನು ಎಳೆಯುತ್ತಿತ್ತು. ಪೈಪಿಗೂ ಕೂಲಿಗೂ ಸೇರಿ ಮುನ್ನೂರು ರೂಪಾಯಿ ತೆಗೆದುಕೊಂಡ. ವೈದ್ಯನ ಬಳಿಗೆ ಹೋಗಿ ಬೇನೆಯನ್ನು ಹೇಳುವ ಬದಲು ಔಷಧಿಯನ್ನೇ ಹೇಳಿದವನು ನಾನು. ಮಿಸ್ತ್ರಿಗೆ ಲಕ್ಷಣಗಳನ್ನು ಮಾತ್ರ ಹೇಳಿರಿ: ಯಾವಾಗ, ಎಷ್ಟು ಹೊತ್ತಿಗೆ, ಏರಿನಲ್ಲೋ ಇಳಿಜಾರಿನಲ್ಲೋ, ಎಂಥ ಸದ್ದು. ಏನು ಬದಲಿಸುತ್ತೀರಿ, ಏಕೆ ಎಂದು ಕೇಳಿರಿ. ತೆಗೆದ ಹಳೆಯ ಭಾಗವನ್ನು ಕೈಗೆ ಕೊಡಲು ಹೇಳಿರಿ, ಇದರಲ್ಲಿ ಅಪನಂಬಿಕೆಯೇನಿಲ್ಲ.

ರಬ್ಬರ್ ಪೈಪುಗಳ ಮಾತು ಈಗ ಇನ್ನೂ ಮುಖ್ಯವಾಗಿದೆ. ಶೇಕಡಾ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಲೋಕಾರ್ಪಣೆಯಾಗಿ, ೨೦೨೫ರ ಹೊತ್ತಿಗೆ ದೇಶದ ಬಹುಭಾಗಕ್ಕೆ ಹರಡಿತು. ೧೯೯೮ರ ಕಾರು ಇಂಥ ಇಂಧನಕ್ಕಾಗಿ ರಚಿತವಾದುದಲ್ಲ. ಎಥನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ತೇವವನ್ನೂ ಸೆಳೆಯುತ್ತದೆ. ಎಥನಾಲನ್ನು ತಾಳುವ ಪೈಪುಗಳನ್ನು ಹಾಕಿಸಿ, ಕಾರನ್ನು ವಾರಗಟ್ಟಲೆ ನಿಲ್ಲಿಸದೆ ಓಡಿಸುತ್ತಿರಿ.

ಬಿಡಿಭಾಗಗಳನ್ನು ಕೊಳ್ಳುವಲ್ಲಿ ವಿವೇಕ ಬೇಕು. ಮಾರುತಿ ೮೦೦ರ ತಯಾರಿಕೆ ೨೦೧೪ರ ಜನವರಿಯಲ್ಲಿ ನಿಂತಿತಾದರೂ ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾದ ವಾಹನವಾದ್ದರಿಂದ ಭಾಗಗಳು ಸಿಗುತ್ತವೆ. ಬಾಗಿಲ ಹಿಡಿ, ಗಾಜು, ದೀಪದ ಚಿಪ್ಪು ಇಂಥವನ್ನು ಗುಜರಿಯಿಂದ ತಂದರೂ ದೋಷವಿಲ್ಲ. ಬ್ರೇಕು, ಸ್ಟಿಯರಿಂಗು, ಟೈರು ಇವುಗಳಲ್ಲಿ ಹಳೆಯದೂ ಬೇಡ, ಹೆಸರಿಲ್ಲದ ಅಗ್ಗದ್ದೂ ಬೇಡ.

ಹದಿನೈದು ವರ್ಷ ದಾಟಿದ ಕಾರನ್ನು ಸರಕಾರ ಕಸಿದುಕೊಳ್ಳುತ್ತದೆಂಬ ಭಯವನ್ನೂ ಶಿಕ್ಷಕರು ತೋಡಿಕೊಂಡಿದ್ದಾರೆ. ಅದು ದೆಹಲಿ ಪ್ರದೇಶದ ಕಟ್ಟಳೆಗಳಿಂದ ಹುಟ್ಟಿದ ಸುದ್ದಿ. ನಮ್ಮಲ್ಲಿ ವಾಹನವನ್ನು ಆರ್.ಟಿ.ಓ. ಕಚೇರಿಯಲ್ಲಿ ಪರೀಕ್ಷೆಗೆ ಒಪ್ಪಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿಯನ್ನು ನವೀಕರಿಸಬಹುದು. ೨೦೨೨ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ ೬೦೦ರಿಂದ ೫,೦೦೦ಕ್ಕೆ ಏರಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ೨೦೨೫ರ ಆಗಸ್ಟ್‌ನಲ್ಲಿ ಅದನ್ನು ೧೦,೦೦೦ ಮಾಡಿದರು. ೨೦೨೩ರಲ್ಲಿ ನವೀಕರಿಸಿದ ನಿಮ್ಮ ಕಾರಿಗೆ ೨೦೨೮ರಲ್ಲಿ ಈ ಹೊರೆ ಬರುವುದು, ಈಗಿನಿಂದಲೇ ತೆಗೆದಿಡಿರಿ. ತಿಂಗಳಿಗೆ ಎರಡು ಸಾವಿರ ಬೇರೆ ಖಾತೆಯಲ್ಲಿಟ್ಟು, ಕಿರ್ದಿಯಲ್ಲಿ ದಿನಾಂಕ, ಕಿಲೋಮೀಟರ್, ಕೆಲಸ, ಮೊತ್ತ ಬರೆಯುತ್ತ ಬಂದರೆ ಯಾವ ಖರ್ಚು ಮರುಕಳಿಸುತ್ತಿದೆಯೆಂದು ಪುಸ್ತಕವೇ ಹೇಳುತ್ತದೆ.

ಇಷ್ಟಾದರೂ ಮಗನ ಆತಂಕವನ್ನು ತಳ್ಳಿಹಾಕಲಾರೆ. ಈ ಕಾರಿನಲ್ಲಿ ಗಾಳಿಚೀಲಗಳಿಲ್ಲ, ಮೈ ತೆಳುವಾದದ್ದು. ಊರೊಳಗೆ ಆಸ್ಪತ್ರೆಗೆ ಹೋಗಿಬರಲು ಸಾಕು. ರಾತ್ರಿಯ ಹೆದ್ದಾರಿ ಪ್ರಯಾಣಕ್ಕೆ, ಪುಣೆಯ ದಾರಿಗೆ, ಅಲ್ಲ. ಅಲ್ಲಿಗೆ ರೈಲಿದೆ. ತುಕ್ಕಿನ ವಿಷಯವೂ ಉಂಟು. ಬಾಗಿಲಂಚಿನ ತುಕ್ಕು ಬರಿಯ ಕುರೂಪ. ಕಾಲಡಿಯ ತಗಡು, ಸೀಟು ಬೆಲ್ಟು ಬಿಗಿದಿರುವ ಜಾಗ, ಚಕ್ರದ ಆಧಾರಗಳನ್ನು ತುಕ್ಕು ತಿಂದಿದ್ದರೆ ಆ ಕಾರಿಗೆ ಒಂದು ರೂಪಾಯಿಯನ್ನೂ ಹಾಕಬಾರದು. ಹಾಗಿದ್ದರೆ ವ್ಯಾಪಾರಿಗೂ ಕೊಡಬೇಡಿರಿ, ಆತ ಬಣ್ಣ ಬಳಿದು ಇನ್ನೊಬ್ಬ ಬಡವನಿಗೆ ಮಾರುತ್ತಾನೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯಿರಿ.

ಆದುದರಿಂದ ಗುರುಗಳೇ, ಟೈರು ಕೊಳ್ಳುವ ಮೊದಲು ಕಾರನ್ನು ಮೇಲಕ್ಕೆತ್ತಿಸಿ, ಕಾಲಡಿಯ ಚಾಪೆಗಳನ್ನು ತೆಗೆಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟಿ ನೋಡಲು ಮಿಸ್ತ್ರಿಗೆ ಹೇಳಿರಿ. ಗಟ್ಟಿಯಾಗಿ ಸದ್ದು ಬಂದರೆ ಅದೇ ವಾರ ಬ್ರೇಕಿನ ಕೆಲಸ ಆರಂಭವಾಗಲಿ, ಡಯಾಲಿಸಿಸ್ ಇಲ್ಲದ ದಿನ ನೋಡಿಕೊಂಡು. ತಗಡು ಏನು ಹೇಳಿತೆಂದು ನನಗೊಂದು ಕಾರ್ಡು ಬರೆಯಿರಿ. ತಾಯಿಯವರಿಗೆ ನನ್ನ ಶರಣು ತಿಳಿಸಿರಿ.