ಕೃತಿಯ ವಿಮರ್ಶೆಯೋ, ಕರ್ತೃವಿನ ವಿಚಾರಣೆಯೋ?

ವಿವಾದಕ್ಕೊಳಗಾದ ಚಲನಚಿತ್ರಗಳನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಎರಡೇ ದಾರಿಗಳನ್ನು ಹಿಡಿಯುತ್ತದೆ. ಒಂದು, ನೀತಿಯ ಹೆಸರಿನಲ್ಲಿ ನಿರ್ದೇಶಕನನ್ನು ಪಾಪಿಯೆಂದು ಸಾರುವುದು. ಇನ್ನೊಂದು, ಮನೋವಿಶ್ಲೇಷಣೆಯ ಹೆಸರಿನಲ್ಲಿ ಅವನನ್ನು ರೋಗಿಯೆಂದು ತೀರ್ಮಾನಿಸುವುದು. ಹೊರನೋಟಕ್ಕೆ ಇವು ಪರಸ್ಪರ ವಿರುದ್ಧವಾದವು. ಆದರೆ ಕೃತಿಯನ್ನು ಬಿಟ್ಟು ಕರ್ತೃವನ್ನು ಹಿಡಿಯುವ ದೋಷ ಎರಡಕ್ಕೂ ಸಮಾನ.

ಪುಟ್ಟಣ್ಣ ಕಣಗಾಲರ 1981ರ ‘ರಂಗನಾಯಕಿ’ಯನ್ನೇ ತೆಗೆದುಕೊಳ್ಳೋಣ. ತಾಯಿಯೆಂದರಿಯದೆ ಮಗನು ತಾಯಿಯಲ್ಲಿಯೇ ಅನುರಕ್ತನಾಗುವ ಕಥೆ ಅದು. ನೀತಿವಾದಿಯು ಅದನ್ನು ಅನಾಚಾರವೆನ್ನುವನು. ವಿಶ್ಲೇಷಕನು ಫ್ರಾಯ್ಡನ ಈಡಿಪಸ್ ಸಿದ್ಧಾಂತವನ್ನು ತಂದು ನಿರ್ದೇಶಕರ ಸುಪ್ತಕಾಮವನ್ನು ಹುಡುಕುವನು. ಆ ಮಗನು ತಾಯಿಯನ್ನರಿಯದೆ ಬೆಳೆದುದೇಕೆಂದು ಇಬ್ಬರೂ ಕೇಳುವುದಿಲ್ಲ. ನಟಿಯಾದ ಪತ್ನಿ ಮತ್ತೆ ರಂಗವನ್ನೇರಿದುದನ್ನು ಸಹಿಸದ ಪತಿ ಮಗುವಿನೊಡನೆ ಅವಳನ್ನು ತೊರೆದನು. ಮರ್ಯಾದೆಯ ಹೆಸರಿನ ನಿಷ್ಠುರತೆಯೇ ಅಲ್ಲಿ ಅನರ್ಥದ ಬೀಜ. ಗ್ರೀಕ್ ನಾಟಕಕಾರ ಸೋಫೋಕ್ಲಿಸನ ಈಡಿಪಸ್ಸನೂ ಅರಿಯದೆಯೇ ತಾಯಿಯನ್ನು ವರಿಸಿದವನು. ಎರಡೂ ಕಡೆ ದುರಂತದ ಮೂಲ ಅಜ್ಞಾನವೇ ಹೊರತು ಕಾಮವಲ್ಲ.

ಇನ್ನು, ರೋಗಿಯೆಂಬ ಹೆಸರು ಏನು ಮಾಡಬಲ್ಲುದೆಂಬುದನ್ನು ಇದೇ ನಿರ್ದೇಶಕರು ‘ಶರಪಂಜರ’ದಲ್ಲಿ (1971) ತೋರಿಸಿದ್ದಾರೆ. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ ಆ ಚಿತ್ರದ ಕಾವೇರಿ ಬುದ್ಧಿಭ್ರಮಣೆಯಿಂದ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಸುತ್ತಲಿನವರ ಶಂಕೆಯೇ ಅವಳನ್ನು ಮತ್ತೆ ಹುಚ್ಚಿಗೆ ತಳ್ಳುತ್ತದೆ. ಮನಶ್ಶಾಸ್ತ್ರವು ನೊಂದವರ ಎದುರು ಕುಳಿತು, ಅವರ ಮಾತನ್ನು ಆಲಿಸಿ, ಉಪಶಮನ ನೀಡುವ ವಿದ್ಯೆ. 1985ರಲ್ಲಿ ತೀರಿಕೊಂಡ ಕಲಾವಿದರ ಮನಸ್ಸನ್ನು ದೂರದಿಂದ ಬಗೆಯುವುದು ಶಾಸ್ತ್ರವಲ್ಲ. ಪಾಂಡಿತ್ಯದ ವೇಷ ತೊಟ್ಟ ಚಾಡಿ.

ಹಾಗಾದರೆ ನೀತಿವಿಚಾರವೇ ಬೇಡವೆ? ಖಂಡಿತ ಬೇಕು. ನಿರ್ದೇಶಕನು ನಿಜಜೀವನದಲ್ಲಿ ಯಾರಿಗಾದರೂ ಅನ್ಯಾಯವೆಸಗಿದ್ದರೆ ಅದನ್ನು ಸಾಕ್ಷ್ಯದಿಂದ ನಿರ್ಣಯಿಸಬೇಕು. ಅವನ ಕಲೆ ಅದಕ್ಕೆ ರಕ್ಷೆಯಾಗಬಾರದು, ಅವನ ಚಿತ್ರವೇ ಅದಕ್ಕೆ ಸಾಕ್ಷಿಯೂ ಆಗಬಾರದು. ಚಿತ್ರವು ಕ್ರೌರ್ಯವನ್ನು ಮೋಹಕಗೊಳಿಸಿದ್ದರೆ, ಹೆಣ್ಣಿನ ದುಃಖವನ್ನು ಮಾರಾಟದ ಸರಕಾಗಿಸಿದ್ದರೆ, ಆ ದೃಶ್ಯವನ್ನೇ ತೋರಿಸಿ ಖಂಡಿಸಬೇಕು. ಅನುಭವಮಂಟಪದ ಸಂಪ್ರದಾಯ ಎದುರಾಎದುರು ಪ್ರಶ್ನಿಸುವುದು, ಬೆನ್ನಹಿಂದೆ ನಿಂದಿಸುವುದಲ್ಲ. ಪರರನ್ನು ತಿದ್ದಹೊರಡುವ ಮೊದಲು ತನ್ನ ಅಂತರಂಗವನ್ನು ಶೋಧಿಸಿಕೊಳ್ಳಬೇಕೆಂಬುದು ಶರಣರ ಬೋಧೆ.

ಇಂದು ಅಂಕೋಲೆ ತಾಲೂಕಿನ ಹಿಲ್ಲೂರಿನಂತಹ ಹಳ್ಳಿಯಲ್ಲಿರುವವರೂ ಹಳೆಯ ಚಿತ್ರಗಳನ್ನು ಅಂಗೈಯ ದೂರವಾಣಿಯಲ್ಲಿ ನೋಡಬಲ್ಲರು. ನೋಡದೆ ತೀರ್ಪು ನೀಡುವುದಕ್ಕೆ ಈಗ ನೆಪವಿಲ್ಲ. ಸದ್ಭಕ್ತರೂ ಮಠದ ಹಳೆಯ ವಿದ್ಯಾರ್ಥಿಗಳೂ ಮೊದಲು ಚಿತ್ರವನ್ನು ಪೂರ್ತಿ ನೋಡಲಿ. ಅಲ್ಲಿಯ ನಿಷ್ಠುರ ಪತಿಯೂ ಶಂಕಿಸುವ ನೆರೆಯವರೂ ತಮ್ಮೊಳಗೆ ಇರುವರೇ ಎಂದು ಕೇಳಿಕೊಳ್ಳಲಿ. ಅನಂತರ ಆಡುವ ಮಾತಿಗೆ ತೂಕವಿರುತ್ತದೆ.