ಅಂಕಪಟ್ಟಿಗೂ ಮೊದಲು ಬೇಕಾಗುವ ಕಾಗದಗಳು

ನವಿ ಮುಂಬಯಿಯ ವಾಶಿ, ನೆರೂಳ, ಕೋಪರ್‌ಖೈರಾಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಕಾಲೇಜು ಶುಲ್ಕದಲ್ಲಿ ಸರ್ಕಾರದ ನೆರವು ಸಿಗುವುದೋ ಇಲ್ಲವೋ ಎಂಬುದು ಅವರ ಅಂಕಗಳಿಗಿಂತ, ಮನೆಯ ಬಡತನಕ್ಕಿಂತಲೂ ಹೆಚ್ಚಾಗಿ, ಆ ಕುಟುಂಬ ಯಾವ ವರ್ಷದಿಂದ ಯಾವ ರಾಜ್ಯದಲ್ಲಿದೆ ಎಂದು ಸಾಬೀತುಪಡಿಸುವ ಕಾಗದಗಳನ್ನು ಅವಲಂಬಿಸಿದೆ. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ಈ ಕಾಗದಗಳ ಹುಡುಕಾಟ ಆರಂಭಿಸುವ ಕುಟುಂಬಗಳು ಅರ್ಹತೆಯಿದ್ದೂ ನೆರವನ್ನು ಕಳೆದುಕೊಳ್ಳುತ್ತವೆ. ಇದನ್ನು ತಪ್ಪಿಸುವ ಶಕ್ತಿ ಮುಂಬಯಿಯ ಕನ್ನಡ ಸಂಘಟನೆಗಳಿಗಿದೆ.

ಮಹಾರಾಷ್ಟ್ರದ ಬಹುತೇಕ ವಿದ್ಯಾರ್ಥಿವೇತನಗಳಿಗೆ ‘ಮಹಾಡಿಬಿಟಿ’ ಎಂಬ ಒಂದೇ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಅದರಲ್ಲಿ ಸಾಮಾನ್ಯ ವರ್ಗದ ವಿದ್ಯಾರ್ಥಿಗಳಿಗೆ ಮುಖ್ಯವಾದದ್ದು ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಯೋಜನೆ. ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬದ ಇಬ್ಬರು ಮಕ್ಕಳವರೆಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕದ ಅರ್ಧವನ್ನು ಸರ್ಕಾರ ಭರಿಸುತ್ತದೆ. 2024ರ ಜುಲೈಯಲ್ಲಿ ಹೊರಟ ಆದೇಶದಂತೆ ಇದೇ ಆದಾಯ ಮಿತಿಯೊಳಗಿನ, ಆರ್ಥಿಕವಾಗಿ ದುರ್ಬಲ ಹಾಗೂ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕಗಳೆರಡೂ ಪೂರ್ತಿ ಮಾಫಿಯಾಗಿವೆ. ಆದರೆ ಈ ಸೌಲಭ್ಯಗಳು ‘ಕ್ಯಾಪ್ ರೌಂಡ್’ ಎಂದು ಕರೆಯಲಾಗುವ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯ ಮೂಲಕ ಸೀಟು ಪಡೆದವರಿಗೆ ಮಾತ್ರ ಅನ್ವಯಿಸುತ್ತವೆ. ಮನೆಗೆ ಹತ್ತಿರದ ಕಾಲೇಜೆಂದು ಆತುರದಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಸೀಟು ಹಿಡಿದವರು ದುಬಾರಿ ಶುಲ್ಕ ತೆರುವುದರ ಜೊತೆಗೆ ಈ ವಿನಾಯಿತಿಯನ್ನೂ ಬಿಟ್ಟುಕೊಟ್ಟಿರುತ್ತಾರೆ.

ಎಲ್ಲಕ್ಕೂ ಮೊದಲು ಬೇಕಾದದ್ದು ಡೊಮಿಸಾಯಿಲ್, ಅಂದರೆ ರಾಜ್ಯದಲ್ಲಿ 15 ವರ್ಷಗಳ ವಾಸವನ್ನು ತೋರಿಸುವ ಪ್ರಮಾಣಪತ್ರ. ವಾಶಿ ಠಾಣೆ ತಾಲೂಕಿಗೆ ಸೇರಿರುವುದರಿಂದ ಇದನ್ನೂ ಆದಾಯದ ದಾಖಲೆಯನ್ನೂ ಅಲ್ಲಿನ ತಹಶೀಲ್ದಾರರ ಕಚೇರಿಯಿಂದ ಪಡೆಯಬೇಕು. ಇಲ್ಲಿಯೇ ಹುಟ್ಟಿ ಶಾಲೆ ಕಲಿತವರಿಗೆ ಇದು ಕಷ್ಟವಲ್ಲ. ಆದರೆ ತಂದೆ ಇಲ್ಲಿನ ಹೋಟೆಲಿನಲ್ಲಿ ದುಡಿಯುತ್ತಿದ್ದು, ತಾಯಿಯೊಂದಿಗೆ ಊರಲ್ಲಿದ್ದು ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆಂದು ಬರುವ ಮಗುವಿಗೆ ಇದೇ ಮೊದಲ ಅಡ್ಡಗೋಡೆಯಾಗುತ್ತದೆ. ನಗದಾಗಿ ಸಂಬಳ ಪಡೆಯುವ ಕೆಲಸಗಾರನಿಗೆ ಆದಾಯದ ದಾಖಲೆಯೂ ಸುಲಭವಲ್ಲ. ಅದರ ಅವಧಿ ಮಾರ್ಚ್ 31ಕ್ಕೆ ಮುಗಿಯುವುದರಿಂದ ಪ್ರತಿ ವರ್ಷವೂ ಹೊಸದಾಗಿ ಮಾಡಿಸಬೇಕು.

ಜಾತಿ ಪ್ರಮಾಣಪತ್ರದ ತೊಡಕು ಇನ್ನೂ ಆಳವಾದದ್ದು. ಸಂವಿಧಾನದ 341 ಮತ್ತು 342ನೆಯ ವಿಧಿಗಳ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿ ರಾಜ್ಯಕ್ಕೊಂದಾಗಿರುತ್ತದೆ. ಆಂಧ್ರಪ್ರದೇಶದ ಪರಿಶಿಷ್ಟ ಪಂಗಡಕ್ಕೆ ಸೇರಿದ, ತಂದೆಯ ಉದ್ಯೋಗದಿಂದಾಗಿ ಬಾಲ್ಯದಲ್ಲೇ ಮಹಾರಾಷ್ಟ್ರಕ್ಕೆ ಬಂದು ಬೆಳೆದ ವಿದ್ಯಾರ್ಥಿಯೊಬ್ಬರು ಮುಂಬಯಿಯ ವೈದ್ಯಕೀಯ ಕಾಲೇಜಿನಲ್ಲಿ ಮೀಸಲು ಸೀಟು ಕೋರಿದಾಗ, ವಲಸೆ ಹೋದವರಿಗೆ ಮೂಲ ರಾಜ್ಯದ ಸ್ಥಾನಮಾನ ಹೊಸ ರಾಜ್ಯದಲ್ಲಿ ತಾನಾಗಿ ಲಭಿಸದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ತೀರ್ಪಿತ್ತಿತು. ಅದರಂತೆ ಮಹಾರಾಷ್ಟ್ರವು ಪೂರ್ವಜರ ವಾಸಕ್ಕೆ ಗಡಿ ದಿನಾಂಕಗಳನ್ನು ನೋಡುತ್ತದೆ: ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ವಿಮುಕ್ತ ಮತ್ತು ಅಲೆಮಾರಿ ಸಮುದಾಯಗಳಿಗೆ 21 ನವೆಂಬರ್ 1961, ಇತರ ಹಿಂದುಳಿದ ವರ್ಗಗಳಿಗೆ 13 ಅಕ್ಟೋಬರ್ 1967. ಕಲಬುರಗಿ, ವಿಜಯಪುರಗಳ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಲಂಬಾಣಿ ಮತ್ತು ವಡ್ಡರ ಕುಟುಂಬಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು, ಮಹಾರಾಷ್ಟ್ರದ ಪಟ್ಟಿಯಲ್ಲಿ ವಿಮುಕ್ತ ಜಾತಿಯವರು. 1961ರ ನಂತರ ಬಂದವರಾದರೆ ಇಲ್ಲಿ ಎರಡೂ ಅಲ್ಲ. ನವಿ ಮುಂಬಯಿ ಎಂಬ ನಗರ ಕಟ್ಟಲ್ಪಟ್ಟದ್ದೇ 1970ರ ನಂತರ ಎಂಬುದನ್ನು ನೆನೆದರೆ, ಅದನ್ನು ಕಟ್ಟಿದ ಕೈಗಳ ಮೊಮ್ಮಕ್ಕಳಿಗೆ ಈ ದಿನಾಂಕಗಳು ಎಷ್ಟು ನಿಷ್ಠುರವಾದವು ಎಂಬುದು ತಿಳಿಯುತ್ತದೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ವಿದ್ಯಾರ್ಥಿ ಕಾಯಂ ನಿವಾಸಿಯಾಗಿರುವ ರಾಜ್ಯವೇ ಕೊಡಬೇಕೆಂಬುದು ಕೇಂದ್ರದ ನಿಯಮ; ಹೀಗಾಗಿ ತಾನು ಯಾವ ರಾಜ್ಯದ ನಿವಾಸಿ ಎಂಬುದನ್ನು ಕುಟುಂಬ ಮೊದಲೇ ನಿಶ್ಚಯಿಸಿ, ಎಲ್ಲ ದಾಖಲೆಗಳನ್ನೂ ಅದಕ್ಕೆ ಹೊಂದಿಸಿಕೊಂಡಿರಬೇಕು.

ಈ ಕುಟುಂಬಗಳಿಗೆ ಜಾತಿಯನ್ನೂ ಪೂರ್ವಜರನ್ನೂ ಕೇಳದ ದಾರಿಯೊಂದಿದ್ದರೂ ಅದರ ಬಗ್ಗೆ ತಿಳಿದವರು ಕಡಿಮೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪುರಾವೆಯೊಂದಿಗೆ ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡವರ ಮೊದಲ ಇಬ್ಬರು ಮಕ್ಕಳಿಗೆ ಎಂಜಿನಿಯರಿಂಗ್ ಓದಲು ವರ್ಷಕ್ಕೆ 60,000 ರೂಪಾಯಿ, ವೈದ್ಯಕೀಯಕ್ಕೆ 1 ಲಕ್ಷ ರೂಪಾಯಿ ನೆರವಿದೆ. ನಾಕಾದಲ್ಲಿ ಕೂಲಿಗಾಗಿ ನಿಲ್ಲುವ ಕನ್ನಡಿಗನಿಗೆ ಈ ನೋಂದಣಿ ಮಾಡಿಸಿಕೊಡುವುದು ಮಕ್ಕಳಿಗೆ ಒಂದು ಶಾಲು ಹೊದಿಸುವುದಕ್ಕಿಂತ ಎಷ್ಟೋ ದೊಡ್ಡ ಉಪಕಾರ.

ಬ್ಯಾಂಕ್ ಸಾಲಕ್ಕೆ ಡೊಮಿಸಾಯಿಲ್ ಬೇಕಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಾಗಲಿ ಜಾಮೀನುದಾರನಾಗಲಿ ಇಲ್ಲದೆ ಸಾಲ ಸಿಗುತ್ತದೆ. ಆದರೆ ತಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಇನ್ನುಳಿದದ್ದು ಸಮುದಾಯದ ನೆರವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ ಮುಂಬಯಿಯಲ್ಲಿ ಹುಟ್ಟಿದವು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆ ನಡೆಸಿ, ಅವರನ್ನು ಗುಮಾಸ್ತರನ್ನಾಗಿ, ವಕೀಲರನ್ನಾಗಿ ಮಾಡಿದ ಚರಿತ್ರೆ ಇಲ್ಲಿನ ಕನ್ನಡಿಗರದು. ಇಂದು ಸಮುದಾಯದ ಸಂಘಗಳು ಸಮಾರಂಭ ನಡೆಸಿ ಹಂಚುವ ವಿದ್ಯಾರ್ಥಿವೇತನದ ಮೊತ್ತ ಎಂಜಿನಿಯರಿಂಗ್ ಕಾಲೇಜಿನ ಒಂದು ವರ್ಷದ ಶುಲ್ಕದ ಮುಂದೆ ಬಹಳ ಸಣ್ಣದು. ಅದೇ ಹಣವನ್ನು ಸುತ್ತುನಿಧಿಯಾಗಿ, ಅಂದರೆ ಒಬ್ಬರಿಂದ ಮರಳಿದ್ದನ್ನು ಮತ್ತೊಬ್ಬರಿಗೆ ಕೊಡುವ ಬಡ್ಡಿರಹಿತ ಮುಂಗಡವಾಗಿ ಬಳಸಿದರೆ ಅದರ ಬಲ ಅನೇಕ ಪಟ್ಟು ಹೆಚ್ಚುತ್ತದೆ. ಏಕೆಂದರೆ ಸರ್ಕಾರದ ಹಣ ಪ್ರವೇಶದ ದಿನ ಬರುವುದಿಲ್ಲ. ಅರ್ಜಿ ಕಾಲೇಜಿನಲ್ಲಿ, ಬಳಿಕ ಇಲಾಖೆಯಲ್ಲಿ ಪರಿಶೀಲನೆಗೊಂಡು ತಿಂಗಳುಗಳ ನಂತರ ಜಮೆಯಾಗುತ್ತದೆ. ಅದೂ ಆಧಾರ್ ಸಂಖ್ಯೆಗೆ ನೇರ ಪಾವತಿಗಾಗಿ ಜೋಡಿಸಿದ ಖಾತೆಗೇ ಹೋಗುವುದರಿಂದ, ವಿದ್ಯಾರ್ಥಿಯ ಯಾವ ಖಾತೆ ಹಾಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಖಚಿತಪಡಿಸಿಕೊಂಡಿರಬೇಕು. ಈ ನಡುವಿನ ತಿಂಗಳುಗಳಲ್ಲೇ ಬಡ ಕುಟುಂಬ ಒಡವೆ ಅಡವಿಡುತ್ತದೆ.

ಮುಂಗಡದಷ್ಟೇ ಅಗತ್ಯವಾದದ್ದು ಕಾಗದಗಳ ನೆರವಿನ ಮೇಜು. ಮರಾಠಿ ಬಲ್ಲ, ಕಚೇರಿಗಳ ಪರಿಚಯವಿರುವ ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕರು ಪ್ರತಿ ಸಂಘದಲ್ಲೂ ಇದ್ದಾರೆ. ವಾರಕ್ಕೊಂದು ಸಂಜೆ ಅವರು ಕುಳಿತು, ಹನ್ನೊಂದನೆಯ ತರಗತಿಗೆ ಸೇರಿದ ಮಕ್ಕಳ ಡೊಮಿಸಾಯಿಲ್ ಆ ವರ್ಷವೇ ಆಗುವಂತೆ ನೋಡಿಕೊಳ್ಳಬಹುದು. ಜಾತಿ ಪ್ರಮಾಣಪತ್ರವುಳ್ಳವರಿಗೆ ‘ವ್ಯಾಲಿಡಿಟಿ’, ಅಂದರೆ ಜಿಲ್ಲಾ ಪರಿಶೀಲನಾ ಸಮಿತಿಯ ಸಿಂಧುತ್ವ ಪತ್ರ, ಇನ್ನೂ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಅಜ್ಜನ ಶಾಲಾ ದಾಖಲೆಗಾಗಿ ಊರಿಗೆ ಹೋಗಿ ಬರಬೇಕಾದವರಿಗೆ ಎರಡು ವರ್ಷವೂ ದೀರ್ಘವೆನಿಸದು.