ಓಟ, ಗುರಿ, ಎದೆಗಾರಿಕೆ

ಕಾಲ್ಚೆಂಡಿನಾಟವನ್ನು ನೋಡಹೋದ ಪ್ರೇಕ್ಷಕನ ಕಣ್ಣು ಮೊದಲು ಬೀಳುವುದು ಓಡುವವನ ಮೇಲೆ. ಇಬ್ಬರನ್ನೋ ಮೂವರನ್ನೋ ದಾಟಿ ಚೆಂಡಿನೊಡನೆ ನುಗ್ಗುವ ತರುಣನನ್ನು ಕಂಡೊಡನೆ ಮೈದಾನವೇ ಎದ್ದು ನಿಲ್ಲುತ್ತದೆ. ಅದೇ ತರುಣನು ಅಷ್ಟು ದೂರ ಓಡಿದ ಬಳಿಕ ಚೆಂಡನ್ನು ಜೊತೆಗಾರನ ಕಾಲಿಗೆ ಮುಟ್ಟಿಸಲಾರದೆ ಎದುರಾಳಿಗೆ ಒಪ್ಪಿಸಿದನೆಂದರೆ, ಎದ್ದು ನಿಂತವರೇ ‘ಇವನಿಂದೇನೂ ಆಗದು’ ಎಂದು ಗೊಣಗುತ್ತ ಕುಳಿತುಬಿಡುತ್ತಾರೆ. ಕಡೆಯ ಗಳಿಗೆಯಲ್ಲಿ ಪೆನಾಲ್ಟಿಯೊಂದನ್ನು ತಪ್ಪಿಸಿದನೆಂದರೆ ‘ಇವನಿಗೆ ಗುಂಡಿಗೆಯಿಲ್ಲ’ ಎಂಬ ತೀರ್ಪು ಆಗಿಂದಾಗಲೇ ಹೊರಬೀಳುತ್ತದೆ. ಓಟ, ಗುರಿ, ಎದೆಗಾರಿಕೆ ಈ ಮೂರನ್ನೂ ಇಪ್ಪತ್ತು ವರ್ಷದ ಹುಡುಗನಲ್ಲಿ ಒಮ್ಮೆಗೇ ಬೇಡುವುದೂ, ಒಂದು ಕಾಣದಿದ್ದರೆ ಅವನ ಹೆಸರನ್ನೇ ಹೊಡೆದುಹಾಕುವುದೂ ನಮ್ಮ ಜನರ ರೂಢಿಯಾಗಿದೆ. ಈ ರೂಢಿ ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಹೋಟೆಲಿನಲ್ಲಿ ದುಡಿಯುವವರಿಗೂ ಕಚೇರಿಯ ಗುಮಾಸ್ತರಿಗೂ ಈ ವಿಚಾರವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಚೆನ್ನೈಯ ಕನ್ನಡಿಗರ ಮಕ್ಕಳಲ್ಲಿ ಅನೇಕರು ಇಂದು ಇಲ್ಲಿಯ ಕಾಲೇಜುಗಳ ತಂಡಗಳಲ್ಲಿ ಸ್ಥಾನಕ್ಕಾಗಿ ಕಾದಿರುವರು. ಹೋಟೆಲುಗಳಲ್ಲಿ ಕೆಲಸಮಾಡುವ ತರುಣರು ಬಿಡುವು ಸಿಕ್ಕಾಗ ಮರೀನಾದ ಮರಳಿನ ಮೇಲೆ ಚೆಂಡು ಒದೆಯುವರು. ಇವರ ಆಟದ ಬಗ್ಗೆ ಮನೆಯಲ್ಲಿ ತಂದೆಯೂ, ಹೋಟೆಲಿನಲ್ಲಿ ಧಣಿಯೂ ಆಡುವ ಒಂದು ಮಾತು ಅವರನ್ನು ಮೈದಾನದಲ್ಲಿ ಉಳಿಸಲೂಬಹುದು, ಅಲ್ಲಿಂದ ಓಡಿಸಲೂಬಹುದು. ಆದುದರಿಂದ ವಿಚಾರವು ನಮ್ಮದೇ ಆಗಿದೆ.

ಮೊದಲು ನಮ್ಮ ಜನರೆಲ್ಲ ಬಲ್ಲ ಒಂದು ಪಂದ್ಯವನ್ನು ನೆನೆಯೋಣ. 2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ನಡೆಯಿತು. ಒಂದು ಕಡೆ ಬೆಂಗಳೂರು ಎಫ್.ಸಿ., ಇನ್ನೊಂದು ಕಡೆ ಚೆನ್ನೈಯಿನ್ ಎಫ್.ಸಿ. ಹುಟ್ಟಿದ ನಾಡಿನ ತಂಡಕ್ಕೆ ಜೈ ಎನ್ನುವುದೋ, ಅನ್ನವಿತ್ತ ಊರಿನ ತಂಡಕ್ಕೆ ಜೈ ಎನ್ನುವುದೋ ಎಂಬ ಧರ್ಮಸಂಕಟ ನಮ್ಮವರಿಗೆ. ಆ ವರ್ಷದ ಲೀಗಿನಲ್ಲಿ ಬೆಂಗಳೂರು 40 ಅಂಕಗಳನ್ನು ಗಳಿಸಿ ಮೊದಲ ಸ್ಥಾನದಲ್ಲಿತ್ತು. ಚೆನ್ನೈಗೆ ಇದ್ದುದು 32. ಪಂದ್ಯದ 9ನೆಯ ನಿಮಿಷದಲ್ಲೇ ಉದಾಂತ ಸಿಂಗನು ಬಲಬದಿಯಿಂದ ದಾಟಿಸಿದ ಚೆಂಡಿಗೆ ಸುನಿಲ್ ಛೇತ್ರಿ ಹಾರಿ ತಲೆಯೊಡ್ಡಿ ಗೋಲು ಹೊಡೆದನು. ಓಟಕ್ಕೇ ಜಯವೆಂದು ಕ್ರೀಡಾಂಗಣ ಭಾವಿಸಿತು. ಆದರೆ ಚೆನ್ನೈಯ ಗ್ರೆಗರಿ ನೆಲ್ಸನ್ ಮೂಲೆಯಿಂದ ಒದೆದ ಎರಡು ಚೆಂಡುಗಳು ಮೈಲ್ಸನ್ ಆಲ್ವೆಸನ ತಲೆಯನ್ನು ಹುಡುಕಿಕೊಂಡು ಬಂದವು, ಎರಡೂ ಗೋಲಾದವು. ಕಡೆಗೆ ಚೆನ್ನೈ 3-2ರಿಂದ ಗೆದ್ದಿತು. ಮೂಲೆಯಲ್ಲಿ ಚೆಂಡನ್ನಿಟ್ಟು ಒದೆಯುವವನು ಹತ್ತು ಹೆಜ್ಜೆಯೂ ಓಡಬೇಕಾಗಿಲ್ಲ. ಚೆಂಡು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುವಂತೆ ಮಾಡಿದರೆ ಸಾಕು. ಮೇಲಿನ ಸ್ಥಾನದಲ್ಲಿದ್ದ ತಂಡವನ್ನು ಅದರ ಮನೆಯಂಗಳದಲ್ಲೇ ಸೋಲಿಸಿದುದರಲ್ಲಿ ಈ ಗುರಿಯ ಪಾಲು ಬಹಳ ದೊಡ್ಡದು.

ಹೋಟೆಲಿನ ಕೆಲಸವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಲಾದ ಹಿಂದೆ ಹಲವು ವರ್ಷ ಕುಳಿತ ನಮಗೆ ಓಡುವ ಸಪ್ಲಾಯರ್ ಯಾರು, ಕೆಲಸ ಮುಗಿಸುವ ಸಪ್ಲಾಯರ್ ಯಾರು ಎಂಬುದರ ಭೇದ ತಿಳಿದಿದೆ. ಮೂರನೆಯ ಮೇಜಿನ ಮಸಾಲೆದೋಸೆಯನ್ನು ಐದನೆಯ ಮೇಜಿನ ಮೇಲಿಟ್ಟು ಬಂದವನು ಎಷ್ಟು ವೇಗದಿಂದ ಹೋದರೇನು, ಬಂದರೇನು?

ಹಾಗಾದರೆ ಗುರಿಯಿಲ್ಲದ ಓಟಗಾರನನ್ನು ತಂಡದಿಂದ ತೆಗೆದುಹಾಕಬೇಕೆ? ಇಲ್ಲಿಯೇ ನಮ್ಮ ಜನರು ಆತುರಪಡುವುದು. ಇದಕ್ಕೆ ದೂರದೇಶದ ಒಂದು ನಿದರ್ಶನವನ್ನು ಕೊಡುತ್ತೇವೆ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ನಮ್ಮ ಕಾಲ್ಚೆಂಡಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡಹುವ ಆಟವದು. ಅಲ್ಲಿಯ ಕಾಲೇಜುಗಳ ಪಂದ್ಯಗಳಿಗೆ ಸಾವಿರಾರು ಮಂದಿ ಸೇರುತ್ತಾರೆ. ತಂಡದ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಚೆಂಡು ಅವನ ಕೈಗೆ ಬಂದೊಡನೆ ದೈತ್ಯರಂತಹ ಎದುರಾಳಿಗಳು ಅವನ ಮೇಲೆ ಬೀಳಲು ಬರುತ್ತಾರೆ. ಎರಡು ಮೂರು ಕ್ಷಣಗಳೊಳಗೆ ತಾನೇ ಓಡುವುದೋ, ದೂರದ ಜೊತೆಗಾರನಿಗೆ ಎಸೆಯುವುದೋ ಎಂದು ಅವನು ನಿಶ್ಚಯಿಸಬೇಕು. ಓಟ, ಗುರಿ, ಎದೆಗಾರಿಕೆ ಮೂರೂ ಒಬ್ಬನಲ್ಲೇ ಪರೀಕ್ಷೆಗೊಳಗಾಗುವುದು ಇಲ್ಲಿ.

ಲೂಯಿವಿಲ್ ಎಂಬ ಊರಿನ ವಿಶ್ವವಿದ್ಯಾನಿಲಯದಲ್ಲಿ ಲಾಮಾರ್ ಜಾಕ್ಸನ್ ಎಂಬ ವಿದ್ಯಾರ್ಥಿ ಈ ಸ್ಥಾನದಲ್ಲಿ ಆಡುತ್ತಿದ್ದನು. ಅವನ ಓಟಕ್ಕೆ ಅಮೆರಿಕವೇ ಬೆರಗಾಯಿತು. ಕಾಲೇಜು ಆಟಗಾರರಿಗೆ ಸಲ್ಲುವ ಅತ್ಯುನ್ನತ ಗೌರವವಾದ ಹೈಸ್ಮನ್ ಪಾರಿತೋಷಕವನ್ನು 2016ರಲ್ಲಿ, ಇನ್ನೂ ಹತ್ತೊಂಬತ್ತು ತುಂಬಿದ ಹುಡುಗನಾಗಿರುವಾಗಲೇ ಪಡೆದನು. ಆದರೆ ಆ ವರ್ಷ ಅವನು ಎಸೆದ ಚೆಂಡುಗಳಲ್ಲಿ ಜೊತೆಗಾರರಿಗೆ ಸೇರಿದುದು ನೂರಕ್ಕೆ ಐವತ್ತಾರು ಮಾತ್ರ. ‘ಇವನು ಓಡಬಲ್ಲನು, ಎಸೆಯಲಾರನು, ಕ್ವಾರ್ಟರ್‌ಬ್ಯಾಕ್ ಸ್ಥಾನವನ್ನು ಬಿಟ್ಟು ಬೇರೆಯವರೆಸೆದ ಚೆಂಡನ್ನು ಹಿಡಿಯುವ ಕೆಲಸಕ್ಕೆ ಹೋಗಲಿ’ ಎಂದು ಬಲ್ಲವರೆನಿಸಿದ ಕೆಲವರು ಬಹಿರಂಗವಾಗಿ ಹೇಳಿದರು. 2018ರಲ್ಲಿ ವೃತ್ತಿ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಮೂವತ್ತೊಂದು ಮಂದಿಯ ಹೆಸರು ಕರೆದಾದ ಮೇಲೆ ಮೂವತ್ತೆರಡನೆಯವನಾಗಿ ಅವನನ್ನು ಬಾಲ್ಟಿಮೋರ್ ತಂಡವು ತೆಗೆದುಕೊಂಡಿತು. ತರುಣನು ತನ್ನ ಸ್ಥಾನವನ್ನು ಬಿಡಲೊಪ್ಪಲಿಲ್ಲ. 2019ರಲ್ಲಿ ಅವನ ಎಸೆತಗಳಲ್ಲಿ ನೂರಕ್ಕೆ ಅರವತ್ತಾರು ಗುರಿ ಸೇರಿದವು. ಅದೇ ವರ್ಷ 1206 ಗಜ ಓಡಿ, ಅಲ್ಲಿಯವರೆಗೆ ಯಾವ ಕ್ವಾರ್ಟರ್‌ಬ್ಯಾಕನೂ ಒಂದು ಋತುವಿನಲ್ಲಿ ಓಡದಷ್ಟು ಓಡಿದನು. ವರ್ಷದ ಶ್ರೇಷ್ಠ ಆಟಗಾರನನ್ನು ಆರಿಸುವ ಐವತ್ತು ಮತಗಳೂ ಅವನಿಗೇ ಬಿದ್ದವು.

ಇಷ್ಟಾದರೂ ಜನರ ಬಾಯಿ ಮುಚ್ಚಲಿಲ್ಲ. 2020ರ ಜನವರಿಯಲ್ಲಿ ಒಂದು ನಿರ್ಣಾಯಕ ಪಂದ್ಯದಲ್ಲಿ ಅವನ ತಂಡವು ಸ್ವಂತ ಮೈದಾನದಲ್ಲೇ ಸೋತಾಗ ‘ಗುರಿಯೇನೋ ಬಂದಿತು, ಗುಂಡಿಗೆ ಬರಲಿಲ್ಲ’ ಎಂಬ ಹೊಸ ಮಾತು ಹುಟ್ಟಿತು. 2023ರ ಋತುವಿನಲ್ಲಿ ಶ್ರೇಷ್ಠ ಆಟಗಾರನ ಗೌರವವನ್ನು ಅವನು ಎರಡನೆಯ ಬಾರಿ ಪಡೆದನು. ಗುರಿಯು ಹುಟ್ಟುಗುಣವಾಗಿದ್ದರೆ ಐವತ್ತಾರು ಅರವತ್ತಾರಾಗುತ್ತಿರಲಿಲ್ಲ. ಹಿರಿಯರ ಮಾತನ್ನು ಕೇಳಿ ಹುಡುಗನು ಸ್ಥಾನ ಬಿಟ್ಟಿದ್ದರೆ ಈ ಸತ್ಯವು ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನು ಎದೆಗಾರಿಕೆಯ ಮಾತು. ಇದಕ್ಕೆ ಸಮುದ್ರದಾಚೆಯವರ ನಿದರ್ಶನ ಬೇಕಾಗಿಲ್ಲ. ಸ್ವತಂತ್ರ ಭಾರತದ ಕಾಲ್ಚೆಂಡು ತಂಡವು ಮೊಟ್ಟಮೊದಲು ಒಲಿಂಪಿಕ್ಸಿನಲ್ಲಿ ಆಡಿದ್ದು 1948ರ ಜುಲೈ 31ರಂದು, ಲಂಡನ್ ಸಮೀಪದ ಇಲ್ಫರ್ಡಿನಲ್ಲಿ, ಫ್ರಾನ್ಸಿನ ಎದುರು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಮೊದಲು ಫ್ರಾನ್ಸ್ ಒಂದು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸರಿಗಟ್ಟಿದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಅದು. ಹೊಡೆದವರು ನಮ್ಮ ಬೆಂಗಳೂರಿನವರು! ಆದರೆ ಆ ದಿನ ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತಿದ್ದವು. ಗೋಲಿಗೆ ಹನ್ನೆರಡು ಗಜ ದೂರ, ಎದುರಿಗೆ ಒಬ್ಬನೇ ಕಾವಲುಗಾರ. ಎರಡೂ ವ್ಯರ್ಥವಾದವು. ಆಟ ಮುಗಿಯಲು ಒಂದು ನಿಮಿಷವಿರುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

ಆ ಪೆನಾಲ್ಟಿಗಳಲ್ಲಿ ಒಂದನ್ನು ತಪ್ಪಿಸಿದವರು ಬಂಗಾಳದ ಶೈಲೇನ್ ಮನ್ನಾ. ಇಂದಿನ ಕೆಲವರ ನ್ಯಾಯದಂತೆ ನಡೆದಿದ್ದರೆ ಮನ್ನಾ ಅವರ ಆಟ ಅಲ್ಲಿಗೇ ಮುಗಿಯಬೇಕಾಗಿತ್ತು. ಹಾಗಾಗಲಿಲ್ಲ. ಮೂರೇ ವರ್ಷದ ಮೇಲೆ, 1951ರಲ್ಲಿ, ದೆಹಲಿಯಲ್ಲಿ ಪ್ರಥಮ ಏಷ್ಯನ್ ಕ್ರೀಡೆಗಳು ನಡೆದಾಗ ಭಾರತ ತಂಡದ ನಾಯಕತ್ವವನ್ನು ಅವರಿಗೇ ವಹಿಸಲಾಯಿತು. ಅಂತಿಮ ಪಂದ್ಯದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಭಾರತವು ಸ್ವರ್ಣಪದಕವನ್ನು ಗೆದ್ದಿತು. ತಪ್ಪಿಸಿದ ಕಾಲನ್ನು ನೋಡದೆ ಆಟಗಾರನನ್ನು ನೋಡಿದವರು ಅಂದು ಇದ್ದರು. ಎದೆಗಾರಿಕೆ ಒಬ್ಬನ ಎದೆಯೊಳಗೆ ಮಾತ್ರ ಹುಟ್ಟುವುದೆಂದು ತಿಳಿಯಬಾರದು. ಹಿಂದೆ ನಿಂತವರು ಕೈಬಿಡಲಾರರೆಂಬ ಭರವಸೆಯಿಂದಲೂ ಅದು ಹುಟ್ಟುತ್ತದೆ. ನಾಲ್ಕು ಲೋಟ ಕಾಫಿಯನ್ನು ಮೊದಲ ಬಾರಿ ಹಿಡಿದ ಮಾಣಿಯ ಕೈ ನಡುಗುವುದು ಸಹಜ. ಭಾನುವಾರದ ನೂಕುನುಗ್ಗಲಿನಲ್ಲಿ ಅವನ ಮೇಲೆ ಗದರಿದರೆ ನಡುಕ ಹೆಚ್ಚುವುದೇ ಹೊರತು ಕಡಮೆಯಾಗದು.

ಅದೇ ಒಲಿಂಪಿಕ್ಸಿಗೆ ಹೋಗಿದ್ದ ಬೆಂಗಳೂರಿನ ಅಹಮದ್ ಖಾನ್ ಮತ್ತು ಧನರಾಜ್ ಇವರು ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದಲ್ಲಿ ಹೆಸರಾದರು. ಅಲ್ಲಿಯ ಜನರು ಆ ತಂಡದ ಐವರು ಮುಂಚೂಣಿಯ ಆಟಗಾರರನ್ನು ಪಂಚಪಾಂಡವರೆಂದು ಕರೆದರು. ಆ ಐವರಲ್ಲಿ ಇವರಿಬ್ಬರೂ ಸೇರಿದ್ದರು. ಅಹಮದ್ ಖಾನರ ಬರಿಗಾಲಿನ ಚಮತ್ಕಾರವನ್ನು ನೋಡಲು ಜನರು ಮುಗಿಬೀಳುತ್ತಿದ್ದರು. ಆದರೆ ಪಾಂಡವರೆಂಬ ಹೆಸರು ಒಬ್ಬನ ಚಮತ್ಕಾರಕ್ಕೆ ಬರುವುದಿಲ್ಲ. ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ ಚೆಂಡು ತಪ್ಪದೆ ಸೇರಿದಾಗ ಮಾತ್ರ ಐವರೂ ಒಂದು ಮನೆಯವರೆನಿಸುತ್ತಾರೆ. ಊರು ಬಿಟ್ಟು ಬಂದ ನಮಗೆ ಇದರ ಅರ್ಥ ಬೇಗ ಆಗಬೇಕು. ಪರಊರಿನಲ್ಲಿ ಒಬ್ಬನೇ ಓಡಿ ಬದುಕಿದವರು ಕಡಮೆ. ಕೈಯಿಂದ ಕೈಗೆ ದಾಟಿಸಿ ಬದುಕಿದವರೇ ಹೆಚ್ಚು.

ಗುರಿಯನ್ನು ಸಾಧಿಸುವ ವಿಧಾನದಲ್ಲಿ ಗುಟ್ಟೇನೂ ಇಲ್ಲ. ಒದೆಯುವ ಕಾಲಿಗಿಂತ ಊರಿದ ಕಾಲು ಮುಖ್ಯ. ಅದು ಎತ್ತ ಮುಖಮಾಡಿದೆಯೋ ಚೆಂಡು ಬಹುಮಟ್ಟಿಗೆ ಅತ್ತಲೇ ಹೋಗುತ್ತದೆ. ಸಮೀಪದ ಜೊತೆಗಾರನಿಗೆ ಪಾದದ ಒಳಮಗ್ಗುಲಿನಿಂದ ತಳ್ಳಬೇಕು. ಚೆಂಡು ತನ್ನಲ್ಲಿಗೆ ಬರುವ ಮುಂಚೆಯೇ ತಲೆಯೆತ್ತಿ, ಯಾರೆಲ್ಲಿದ್ದಾರೆಂದು ನೋಡಿಕೊಂಡಿರಬೇಕು. ಇವನ್ನೆಲ್ಲ ಒಂದು ದಿನದಲ್ಲಿ ಕಲಿಸಬಹುದು. ಕಾಲಿಗೆ ಅಭ್ಯಾಸವಾಗಲು ವರ್ಷಗಳು ಬೇಕು. ದಣಿದ ಮೇಲೆಯೂ ತಪ್ಪದಿರುವುದಕ್ಕೆ ದಣಿದ ಮೇಲೆಯೇ ಅಭ್ಯಾಸ ಮಾಡಬೇಕು. ನಮ್ಮ ತರುಣರು ಸಾಲಾಗಿ ನಿಂತು ಗೋಡೆಗೆ ಇನ್ನೂರು ಬಾರಿ ಚೆಂಡು ತಳ್ಳುವ ಬೇಸರದ ಕೆಲಸವನ್ನು ಬಿಟ್ಟು, ಬಂದೊಡನೆ ಪಂದ್ಯಕ್ಕಿಳಿಯುತ್ತಾರೆ. ಇದು ಅವರು ತಿದ್ದಿಕೊಳ್ಳಬೇಕಾದ ವಿಷಯ.

‘ಆಟದಿಂದ ಅನ್ನ ಹುಟ್ಟುವುದೆ?’ ಎಂದು ಕೇಳುವ ತಂದೆತಾಯಿಗಳ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎಸ್.ಎಸ್.ಎಲ್.ಸಿ.ಯೊಡನೆ ಓದು ನಿಲ್ಲಿಸಿ ಹೋಟೆಲಿಗೆ ಬಂದ ನಮಗೆ ಓದಿನ ಬೆಲೆ ಚೆನ್ನಾಗಿ ಗೊತ್ತು. ನೂರು ಮಂದಿ ಆಡಿದರೆ ಆಟದಿಂದಲೇ ಜೀವಿಸುವವನು ಒಬ್ಬನಿದ್ದರೆ ಹೆಚ್ಚು. ಪುಸ್ತಕ ಮುಚ್ಚಿಟ್ಟು ಮೈದಾನಕ್ಕೆ ಹೋಗೆಂದು ಯಾವ ಹುಡುಗನಿಗೂ ನಾವು ಹೇಳಲಾರೆವು. ಆದರೆ ತಪ್ಪು ಮಾಡಿದ ಮರುಗಳಿಗೆಯೇ ಮತ್ತೆ ಚೆಂಡನ್ನು ಕೇಳುವ ಧೈರ್ಯವನ್ನು ಮೈದಾನದಷ್ಟು ಚೆನ್ನಾಗಿ ಕಲಿಸುವ ಪಾಠಶಾಲೆ ಇನ್ನೊಂದಿಲ್ಲ. ಆ ಧೈರ್ಯವು ನಾಳೆ ಗಲ್ಲಾದಲ್ಲಿ ಲೆಕ್ಕ ತಪ್ಪಿದಾಗಲೂ, ಕಚೇರಿಯಲ್ಲಿ ಮೇಲಧಿಕಾರಿ ಗದರಿದಾಗಲೂ ಉಪಯೋಗಕ್ಕೆ ಬರುತ್ತದೆ.

ಆದುದರಿಂದ ನಮ್ಮ ಬಿನ್ನಹವಿಷ್ಟು. ಹೋಟೆಲು ಧಣಿಗಳಲ್ಲಿ ಮೊದಲು: 1958ರಲ್ಲಿಯೇ ಮದ್ರಾಸು ರಾಜ್ಯದಲ್ಲಿ ಹೋಟೆಲು ಕೆಲಸಗಾರರಿಗಾಗಿ ಪ್ರತ್ಯೇಕ ಕಾನೂನು ಆಯಿತು. ವಿರಾಮವೆಂಬುದು ಧಣಿಯ ದಯೆಯಲ್ಲ, ಆಳಿನ ಹಕ್ಕು ಎಂಬ ಮಾತು ಅಂದಿನಿಂದ ಹಳೆಯದಾಯಿತು. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಮೊದಲಾಗುವವರೆಗಿನ ಹೊತ್ತಿನಲ್ಲಿ ಆಡಬಯಸುವ ತರುಣನನ್ನು ‘ಒಂದು ಮೂಟೆ ಈರುಳ್ಳಿ ಇಳಿಸಿ ಹೋಗು’ ಎಂದು ತಡೆಯಬೇಡಿ. ಎರಡು ಚೆಂಡು ಕೊಡಿಸಿದರೆ ನಿಮ್ಮ ಗಲ್ಲಾ ಬರಿದಾಗದು. ನಮ್ಮ ಸಂಘಗಳ ಹಿರಿಯರಲ್ಲಿ: ವಾರ್ಷಿಕೋತ್ಸವದ ಹಾರತುರಾಯಿಗಳ ಖರ್ಚಿನಲ್ಲಿ ಒಂದಂಶವನ್ನು ಕಡಮೆ ಮಾಡಿ, ಬಲ್ಲ ಶಿಕ್ಷಕನೊಬ್ಬನನ್ನು ಭಾನುವಾರ ಬೆಳಗ್ಗೆ ಕರೆಸಿರಿ. ತಂದೆಯರಲ್ಲಿ: ಮಗನು ಕಾಲೇಜಿನ ಪಂದ್ಯದಲ್ಲಿ ಸೋತು ಬಂದ ರಾತ್ರಿ ‘ನಾನಾಗಲೇ ಹೇಳಿದೆ’ ಎಂಬ ಮಾತನ್ನು ನುಂಗಿಕೊಳ್ಳಿ. ಪ್ರೇಕ್ಷಕರಲ್ಲಿ: ಓಡಿದವನಿಗೆ ಚಪ್ಪಾಳೆ ತಟ್ಟಿದ ಕೈ ಸದ್ದಿಲ್ಲದೆ ಚೆಂಡು ದಾಟಿಸಿದವನಿಗೂ ತಟ್ಟಲಿ.

ಕಾಯುವುದೂ ಒಂದು ವಿದ್ಯೆ. ಸಂತೋಷ್ ಟ್ರೋಫಿಯನ್ನು 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ನಮ್ಮ ನಾಡು, ಅದನ್ನು ಮತ್ತೆ ಗೆದ್ದುದು 2023ರ ಮಾರ್ಚ್ 4ರಂದು, ಅರಬರ ನಾಡಿನ ರಿಯಾದ್ ನಗರದಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಇಡೀ ಒಂದು ನಾಡು ಐವತ್ತನಾಲ್ಕು ವರ್ಷ ಕಾದಿತು. ಇಪ್ಪತ್ತು ವರ್ಷದ ಒಬ್ಬ ಹುಡುಗನ ಕಾಲಿಗೆ ಗುರಿ ಬರುವವರೆಗೆ ನಾವು ನಾಲ್ಕು ವರ್ಷ ಕಾಯಲಾರೆವೆ?